ಮಗನನ್ನು ಹಿಮದ ಗುಡ್ಡಕ್ಕೆ ಕರೆದುಕೊಂಡು ಹೋಗು, ತಂಗಿ

ತಂಗಿ,

ನಿನ್ನ ಪತ್ರವನ್ನು ಕಲಬುರಗಿಗೆ ಬಂದ ಮೇಲೆ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಆಗಸ್ಟಿನಲ್ಲಿ ಬಸವಕಲ್ಯಾಣ ಬಿಟ್ಟು ಕೆನಡಾದ ಕ್ಯಾಲ್ಗರಿಗೆ ಹೊರಟಿದ್ದೀರಿ, ಮಗನಿಗೆ ನಾಲ್ಕು ವರ್ಷ. "ಐದಾರು ತಿಂಗಳು ಚಳಿಗಾಲವಂತೆ, ಅಷ್ಟು ದಿನ ಮಗುವನ್ನು ಮನೆಯೊಳಗೆ ಹೇಗೆ ಇಟ್ಟುಕೊಳ್ಳುವುದು? ಅಲ್ಲಿ ಸಣ್ಣ ಮಕ್ಕಳಿಗೂ ಸ್ಕೀಯಿಂಗ್ ಕಲಿಸುತ್ತಾರಂತೆ, ನಮ್ಮಂಥವರಿಗೆ ಅದೆಲ್ಲ ಆಗುತ್ತದಾ? ಕೈಕಾಲು ಮುರಿದುಕೊಂಡರೆ ಏನು ಗತಿ ಅಂತ ಅತ್ತೆ ಈಗಲೇ ಅಂಜಿದ್ದಾರೆ" ಅಂತ ಬರೆದಿದ್ದೀಯ. ಮನೆ ಬಾಡಿಗೆ, ಡಾಕ್ಟರು, ಕೆಲಸದ ಬಗ್ಗೆಯೂ ಕೇಳಿದ್ದೀಯ. ಅದನ್ನೆಲ್ಲ ಫೋನಿನಲ್ಲಿ ಹೇಳುತ್ತೇನೆ. ಸ್ಕೀಯಿಂಗ್ ವಿಷಯ ಮಾತ್ರ ಕೂತು ಬರೆಯಬೇಕು ಅನ್ನಿಸಿತು. ಹನ್ನೊಂದು ವರ್ಷದಲ್ಲಿ ಆ ಊರು ನನಗೆ ಕೊಟ್ಟ ಬಹಳ ದೊಡ್ಡ ಸುಖ ಅದು.

ಇಲ್ಲಿ ಅಮ್ಮನ ಮನೆಯಲ್ಲಿ ಈಗ 42 ಡಿಗ್ರಿ ಬಿಸಿಲು. ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವುದಿಲ್ಲ. ನಡುಮನೆಯ ಶಹಾಬಾದ್ ಫರಸಿಗೆ ನೀರು ಹೊಡೆದು ಒರೆಸಿದ್ದಾರೆ, ನೆಲ ತಣ್ಣಗಿದೆ. ನನ್ನ ಮಗಳು ಸಾಕ್ಸ್ ಹಾಕಿಕೊಂಡು ಅದರ ಮೇಲೆ ಜಾರುತ್ತಾ ನನ್ನ ತಮ್ಮನ ಮಕ್ಕಳಿಬ್ಬರಿಗೆ ಪಾಠ ಹೇಳುತ್ತಿದ್ದಾಳೆ. "ಮಣಕಾಲು ಬಗ್ಗಿಸು. ಕೆಳಗೆ ನೋಡಬೇಡ, ನನ್ನ ಮುಖ ನೋಡು. ಸಮೋಸ ಮಾಡು, ಸಮೋಸ!" ಒಂದೊಂದು ಮಾತೂ ನಾನು ಅವಳಿಗೆ ಹೇಳಿದ್ದು. ಈಗ ಅವಳಿಗೆ ಒಂಬತ್ತು. ಶುರು ಮಾಡಿದಾಗ ನಾಲ್ಕೂವರೆ, ಹೆಚ್ಚುಕಮ್ಮಿ ನಿನ್ನ ಮಗನಷ್ಟೇ.

ಸಮೋಸ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಸ್ಕೀ ಅಂದರೆ ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದನೆಯ ಪಟ್ಟಿ. ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನ ತುದಿ ಅಗಲ ಮಾಡಿದರೆ ತ್ರಿಕೋನ ಆಗುತ್ತದೆ. ಆಗ ಸ್ಕೀಯ ಒಳಅಂಚು ಹಿಮವನ್ನು ಕೆರೆಯುತ್ತದೆ, ಓಟ ಕಮ್ಮಿಯಾಗುತ್ತದೆ. ಮಗುವಿಗೆ ಅದೇ ಬ್ರೇಕು. ಅಲ್ಲಿ ಎಲ್ಲರೂ ಮಕ್ಕಳಿಗೆ ಅದನ್ನು ಪಿಜ್ಜಾ ಅಂತ ಕಲಿಸುತ್ತಾರೆ, ಎರಡೂ ಸ್ಕೀ ನೇರ ಇದ್ದರೆ ಫ್ರೆಂಚ್ ಫ್ರೈಸ್. ನಮ್ಮ ಮನೆಯಲ್ಲಿ ಪಿಜ್ಜಾ ಸಮೋಸ ಆಯಿತು, ಫ್ರೆಂಚ್ ಫ್ರೈಸ್ ರೈಲು ಹಳಿ ಆಯಿತು. ನಮ್ಮ ಮಾವ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದವರು. ಮಗಳು ಮೂರು ವರ್ಷದವಳಿದ್ದಾಗ ಅವರ ಹೆಗಲ ಮೇಲೆ ಕೂತು ನೋಡಿದ ಹಳಿ ಅವಳ ತಲೆಯಲ್ಲಿ ಇನ್ನೂ ಇತ್ತು. ಹಳಿ ಅಂದ ಕೂಡಲೇ ಕಾಲು ನೇರ ಮಾಡುತ್ತಿದ್ದಳು.

ನಾನು ಇದನ್ನು ಬೇಕಂತ ಕನ್ನಡದಲ್ಲಿ ಶುರು ಮಾಡಲಿಲ್ಲ. ಮಗು ಜಾರಿಕೊಂಡು ಹೋಗುತ್ತಿದ್ದರೆ ತಾಯಿಯ ಬಾಯಿಂದ ಇಂಗ್ಲಿಷ್ ಬರುವುದಿಲ್ಲ, ಅಲ್ವಾ? ಆ ವರ್ಷ ಅವಳು ಪ್ಲೇಸ್ಕೂಲಿಗೆ ಹೋಗಲು ಶುರು ಮಾಡಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅಮ್ಮನ ಜೊತೆ ವಿಡಿಯೋ ಕಾಲಿನಲ್ಲಿ ಮಾತೇ ಇಲ್ಲ, ಬರೀ ನಗು. ಒಳಗೊಳಗೇ ಸಂಕಟ ಪಡುತ್ತಿದ್ದೆ. ಗುಡ್ಡದ ಮೇಲೆ ಮಾತ್ರ ಕನ್ನಡಕ್ಕೆ ಕೆಲಸ ಇತ್ತು. "ತಡಿ" ಅಂದರೆ ನಿಲ್ಲಬೇಕು. "ಬಾ" ಅಂದರೆ ಜಾರಬೇಕು. "ಬಗ್ಗು" ಅಂದರೆ ಬಗ್ಗಬೇಕು, ಇಲ್ಲದಿದ್ದರೆ ಬೀಳುತ್ತಾಳೆ. ಜನವರಿಯ ಹೊತ್ತಿಗೆ ಅವಳೇ "ಅಮ್ಮಾ, ನೀ ಮುಂದ ಹೋಗಬ್ಯಾಡ, ನಾ ಹೋಗ್ತೀನಿ" ಅಂದಳು. ನಮ್ಮ ಕಲಬುರಗಿ ಮಾತು, ಹಾಗೇ ಪೂರಾ. ಗುಡ್ಡ ಹತ್ತಿಸುವ ಲಿಫ್ಟಿನ ಹತ್ತಿರ ನಿಂತು ಅತ್ತುಬಿಟ್ಟೆ.

ಸಣ್ಣವಳಿದ್ದಾಗ ನನ್ನ ಅಪ್ಪ ಹೊಲದ ಬಾವಿಯಲ್ಲಿ ನನಗೆ ಈಜು ಕಲಿಸಿದರು. ಬೆನ್ನಿಗೆ ಒಣಗಿದ ಸೋರೆಬುರುಡೆ, ನಡುವಿಗೆ ಹಗ್ಗ. ದಂಡೆಯ ಮೇಲೆ ನಿಂತು "ಅಂಜಬ್ಯಾಡ, ಹಗ್ಗ ನನ್ನ ಕೈಯಾಗ ಅದ" ಅನ್ನುತ್ತಿದ್ದರು. ಒಂದು ದಿನ ತಿರುಗಿ ನೋಡಿದರೆ ಹಗ್ಗ ಸಡಿಲ ಬಿದ್ದು ನೀರಿನ ಮೇಲೆ ತೇಲುತ್ತಿತ್ತು. ಸ್ಕೀ ಕಲಿಯುವ ಮಕ್ಕಳ ನಡುವಿಗೂ ಪಟ್ಟಿ ಕಟ್ಟಿ, ಹಿಂದಿನಿಂದ ಹಿಡಿದುಕೊಳ್ಳುವ ಹಗ್ಗ ಸಿಗುತ್ತದೆ. ಅದನ್ನು ನೋಡಿದಾಗ ನನಗೆ ಬಾವಿಯೇ ನೆನಪಾಯಿತು. ಆದರೆ ಒಂದು ವ್ಯತ್ಯಾಸ ಇದೆ. ಹಗ್ಗ ಬಿಗಿಯಾಗಿ ಎಳೆದುಕೊಂಡಿದ್ದರೆ ಮಗು ಹಿಂದಕ್ಕೆ ವಾಲಿ ಅದರ ಮೇಲೆ ಭಾರ ಬಿಡುತ್ತದೆ, ಅದೇ ರೂಢಿಯಾಗುತ್ತದೆ. ಸ್ಕೀಯಿಂಗಿಗೆ ಭಾರ ಮುಂದಿರಬೇಕು, ಕಣಕಾಲಿನ ಮುಂದಿನ ಎಲುಬು ಬೂಟಿನ ನಾಲಿಗೆಗೆ ತಾಗಬೇಕು. ಹಾಗಾಗಿ ಹಗ್ಗ ಸಡಿಲ ಇರಲಿ, ಓಟ ಜಾಸ್ತಿಯಾದರೆ ಮಾತ್ರ ಹಿಡಿ.

ಎಲ್ಲಿ ಕಲಿಸುವುದು ಅಂದರೆ, ಊರು ಬಿಟ್ಟು ಹೋಗಬೇಕಾಗಿಯೇ ಇಲ್ಲ. 1988ರ ಚಳಿಗಾಲದ ಒಲಿಂಪಿಕ್ಸ್ ಕ್ಯಾಲ್ಗರಿಯಲ್ಲೇ ನಡೆದದ್ದು. ಆಗ ಸ್ಕೀ ಜಂಪಿಂಗ್ ನಡೆದ ಕೆನಡಾ ಒಲಿಂಪಿಕ್ ಪಾರ್ಕ್ ಊರಿನ ಪಶ್ಚಿಮ ಅಂಚಿನಲ್ಲಿದೆ. ಸಣ್ಣ ಗುಡ್ಡ. ಹೊಸಬರಿಗೆ ಮ್ಯಾಜಿಕ್ ಕಾರ್ಪೆಟ್ ಇದೆ, ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಬರುವ ಬೆಲ್ಟಿನ ಹಾಗೆ. ಮಗು ಅದರ ಮೇಲೆ ನಿಂತರೆ ಸಾಕು, ಮೇಲೆ ಒಯ್ಯುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಆದರೆ ಅಲ್ಲಿ ದೀಪ ಹಾಕುತ್ತಾರೆ, ಕೆಲಸ ಮುಗಿಸಿಕೊಂಡೂ ಹೋಗಬಹುದು. ಕಾಲು ಸ್ವಲ್ಪ ಗಟ್ಟಿಯಾದ ಮೇಲೆ ನಕಿಸ್ಕಾ ಅನ್ನುವ ಸ್ಕೀ ಬೆಟ್ಟಕ್ಕೆ ಹೋಗಿ, ಕಾರಿನಲ್ಲಿ ಒಂದು ಗಂಟೆಯ ದಾರಿ. ಅದನ್ನು ಅದೇ ಒಲಿಂಪಿಕ್ಸಿಗಾಗಿ ಕಟ್ಟಿದರು. ಲೇಕ್ ಲೂಯಿಸ್ ಎರಡು ಗಂಟೆ, ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಮತ್ತೆ, ಚಳಿಗಾಲ ಅಂದರೆ ದಿನವೂ ಮೈನಸ್ ಮೂವತ್ತು ಅಂತ ತಿಳಿಯಬೇಡ. ಶಿನೂಕ್ ಅಂತ ಬೆಚ್ಚನೆಯ ಗಾಳಿ ಬೆಟ್ಟ ಇಳಿದು ಬರುತ್ತದೆ, ಕೆಲವೇ ಗಂಟೆಗಳಲ್ಲಿ 20 ಡಿಗ್ರಿ ಏರಿಸಿಬಿಡುತ್ತದೆ. ಆ ದಿನಗಳನ್ನು ಹುಡುಕಿ ಹಿಡಿ. ಮೈನಸ್ ಹದಿನೈದಕ್ಕಿಂತ ಕೆಳಗೆ ಹೋದರೆ ನಾನು ಸಣ್ಣ ಮಕ್ಕಳನ್ನು ಕರೆದೊಯ್ಯುವುದಿಲ್ಲ. ಚಳಿಯಲ್ಲಿ ಅತ್ತ ಮಗು ಮುಂದಿನ ಸಲ ಬೂಟು ನೋಡಿದರೇ ಅಳುತ್ತದೆ.

ಇದು ನನಗೆ ಗೊತ್ತಾದದ್ದು ತಪ್ಪು ಮಾಡಿ. ನಮ್ಮಲ್ಲಿ ಜೂನಿನಲ್ಲಿ ಶಾಲೆ ಬೂಟು ತರುವಾಗ ಒಂದು ಅಳತೆ ದೊಡ್ಡದೇ ತರುತ್ತೇವೆ, ಅಲ್ವಾ? ಸ್ಕೀ ಬೂಟನ್ನೂ ಹಾಗೇ ತಂದೆ. ಚಳಿ ಅಂತ ಒಳಗೆ ಎರಡು ದಪ್ಪ ಸಾಕ್ಸ್ ತುರುಕಿದೆ. ಅರ್ಧ ಗಂಟೆಗೆ ಮಗಳು ಸುಮ್ನೆ ಕೂತುಬಿಟ್ಟಳು. ಒಳಗೆ ಕರೆದೊಯ್ದು ಬೂಟು ಬಿಚ್ಚಿದರೆ ಸಾಕ್ಸ್ ಬೆವರಿಗೆ ಒದ್ದೆ, ಬೆರಳುಗಳು ಬೆಣ್ಣೆಯ ಹಾಗೆ ಬಿಳಿ, ಮುಟ್ಟಿದರೆ ಕಲ್ಲಿನಷ್ಟು ತಣ್ಣಗೆ. ನನ್ನ ಸ್ವೆಟರ್ ಎತ್ತಿ ಎರಡೂ ಪಾದಗಳನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಬಣ್ಣ ತಿರುಗುವವರೆಗೂ ಉಸಿರು ಬಿಗಿ ಹಿಡಿದಿದ್ದೆ. ದಪ್ಪ ಸಾಕ್ಸ್ ಕಾಲನ್ನು ಒತ್ತುತ್ತದೆ, ರಕ್ತ ಓಡುವುದಿಲ್ಲ, ಅದಕ್ಕೇ ಚಳಿ ಜಾಸ್ತಿ. ಒಂದೇ ಒಂದು ತೆಳ್ಳನೆಯ ಉಣ್ಣೆ ಸಾಕ್ಸ್, ಕಾಲಿಗೆ ಸರಿಯಾದ ಬೂಟು. ಐದು ಬೆರಳಿನ ಗ್ಲೌಸ್ ಬೇಡ, ಬೆರಳೆಲ್ಲ ಒಟ್ಟಿಗಿರುವ ಮಿಟನ್ ಹಾಕು. ಆಗಾಗ ಕೆನ್ನೆ ನೋಡುತ್ತಿರು. ಬಿಳಿ ಮಚ್ಚೆ ಕಂಡರೆ ತಕ್ಷಣ ಒಳಗೆ ಹೋಗಬೇಕು.

ಅತ್ತೆಯವರಿಗೆ ಇದನ್ನು ಓದಿ ಹೇಳು. ಬೂಟಿಗೂ ಸ್ಕೀಗೂ ನಡುವೆ ಬೈಂಡಿಂಗ್ ಅಂತ ಒಂದು ಕೊಂಡಿ ಇರುತ್ತದೆ. ಮಗು ಕಾಲು ತಿರುಚಿಕೊಂಡು ಜೋರಾಗಿ ಬಿದ್ದರೆ ಅದು ತಾನೇ ಬಿಚ್ಚಿಕೊಂಡು ಸ್ಕೀಯನ್ನು ಬಿಟ್ಟುಬಿಡುತ್ತದೆ. ಎಷ್ಟು ಬಲ ಬಿದ್ದರೆ ಬಿಚ್ಚಬೇಕು ಅನ್ನುವುದನ್ನು ಅಂಗಡಿಯವರು ಮಗುವಿನ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ನೋಡಿ ಹೊಂದಿಸುತ್ತಾರೆ. ಮನೆಯಲ್ಲಿ ಅದನ್ನು ತಿರುಗಿಸಬೇಡಿ. ಪೆಟ್ಟಾಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹೆಲ್ಮೆಟ್ ಇಲ್ಲದೆ ಒಂದು ಸಲವೂ ಬಿಡಬೇಡ. ಹಸಿರು ವೃತ್ತದ ಗುರುತಿದ್ದರೆ ಸುಲಭದ ದಾರಿ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟದ್ದು. ಮಗು ಎಷ್ಟೇ ಹಠ ಮಾಡಿದರೂ ಹಸಿರಿನಲ್ಲೇ ಇರಿ. ನಿನಗಿಂತ ಕೆಳಗಿರುವವರಿಗೆ ನೀನೇ ದಾರಿ ಬಿಡಬೇಕು ಅನ್ನುವ ನಿಯಮವನ್ನು ಮೊದಲ ದಿನವೇ ಹೇಳಿಕೊಡು.

ನೀವಿಬ್ಬರೂ ಸ್ಕೀಯಿಂಗ್ ಕಲಿತವರಲ್ಲ ಅಂತ ಚಿಂತೆ ಬೇಡ. ನಾವೂ ಕಲಿತವರಲ್ಲ. ಮಗನಿಗೆ ಎರಡು ಮೂರು ಕ್ಲಾಸ್ ಹಾಕಿಸು, ನಿಮಗೂ ಹಾಕಿಸಿಕೊಳ್ಳಿ. ಸರಿಯಾದ ನಿಲುವು, ತಿರುವು ಅವರು ಕಲಿಸಲಿ. ಆದರೆ ಕ್ಲಾಸಿಗೆ ಒಪ್ಪಿಸಿ ನೀನು ಕಾಫಿ ಹಿಡಿದು ಒಳಗೆ ಕೂರಬೇಡ, ಇದು ನನ್ನ ಗಟ್ಟಿ ಅಭಿಪ್ರಾಯ. ಉಳಿದ ದಿನಗಳು ನಿನ್ನವೇ. ಮೊದಲು ಮನೆಯಲ್ಲಿ ಬೂಟು ಹಾಕಿ ಓಡಾಡಿಸು. ಆಮೇಲೆ ಸಮತಟ್ಟು ಹಿಮದಲ್ಲಿ ಒಂದೇ ಕಾಲಿಗೆ ಸ್ಕೀ, ಆಮೇಲೆ ಎರಡಕ್ಕೂ. ಕೈಗೆ ಕೋಲು ಕೊಡಬೇಡ, ಸಣ್ಣ ಮಕ್ಕಳಿಗೆ ಅದು ಅಡ್ಡಿ. ಬಿದ್ದಾಗ ಓಡಿಹೋಗಿ ಎತ್ತಬೇಡ. ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟರೆ ತಾನೇ ಏಳಬಹುದು ಅಂತ ತೋರಿಸು. ಒಂದು ಗಂಟೆ ಸಾಕು, ನಗುತ್ತಿರುವಾಗಲೇ ಮನೆಗೆ ಹೊರಡಿ.

ಮಗಳು ಮೊದಲ ಸಲ ಒಬ್ಬಳೇ ಇಳಿದ ದಿನ ಹೇಳುತ್ತೇನೆ. ಫೆಬ್ರವರಿಯ ಒಂದು ಶನಿವಾರ. ಬೆಳಿಗ್ಗೆಯ ಹಿಮ ಸಣ್ಣ ರವೆಯ ಹಾಗಿತ್ತು, ಕಾಲಿಟ್ಟರೆ ಕರಕರ ಸದ್ದು. ನಾನು ಸ್ಕೀ ಬಿಚ್ಚಿಟ್ಟು, ಬರೀ ಬೂಟಿನಲ್ಲಿ ಇಪ್ಪತ್ತು ಹೆಜ್ಜೆ ಕೆಳಗೆ ಮೊಣಕಾಲೂರಿ, ಕೈ ಚಾಚಿ ಕೂತಿದ್ದೆ. ಮೇಲೆ ನನ್ನ ಗಂಡ ಅವಳ ಬೆನ್ನಿನ ಪಟ್ಟಿ ಹಿಡಿದಿದ್ದರು. ಬಿಟ್ಟರು. ಹೆಲ್ಮೆಟ್ಟಿನ ಕೆಳಗೆ ಬರೀ ಮೂಗು ಕಾಣುತ್ತಿತ್ತು, ಮೂಗಿನ ಕೆಳಗೆ ಸಿಂಬಳ ಹೆಪ್ಪುಗಟ್ಟಿತ್ತು. ಬಾಯಲ್ಲಿ ತನಗೆ ತಾನೇ "ಸಮೋಸ, ಸಮೋಸ, ಸಮೋಸ" ಅಂತ ಹೇಳಿಕೊಳ್ಳುತ್ತಾ ಬಂದಳು. ನನ್ನ ಕೈ ಇನ್ನೂ ಒಂದು ಮೊಳ ದೂರ ಇತ್ತು, ಅಷ್ಟರಲ್ಲಿ ನಿಂತಳು. ತಾನಾಗಿಯೇ ನಿಂತಳು. ನನ್ನ ಕೈ ಕಡೆ ನೋಡಿದಳು, ಹಿಡಿಯಲಿಲ್ಲ. ತಿರುಗಿ ಕಾರ್ಪೆಟ್ಟಿನ ಕಡೆ ಹೆಜ್ಜೆ ಹಾಕಿದಳು.

ಆವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಬಾವಿಯ ಹಗ್ಗದ ಕಥೆ ಕೇಳಿದೆ. "ನೀನು ತಿರುಗಿ ನೋಡೋಕಿಂತ ನಾಕು ದಿನ ಮೊದ್ಲೇ ಬಿಟ್ಟಿದ್ದೆ" ಅಂದರು.

ಎಳ್ಳ ಅಮಾವಾಸ್ಯೆ ಬರುವುದು ಸರಿಯಾಗಿ ಸ್ಕೀ ಕಾಲದಲ್ಲಿ. ಇಲ್ಲಿ ಎಲ್ಲರೂ ಹೊಲಕ್ಕೆ ಹೋಗಿ, ಊಟದ ಒಂದು ಪಾಲನ್ನು ಚರಗ ಅಂತ ಬೆಳೆಗೆ ಚೆಲ್ಲಿ ಉಣ್ಣುವಾಗ ಅಲ್ಲಿ ಒಬ್ಬಳೇ ಕೂತು ಬಹಳ ಕಷ್ಟ ಪಡುತ್ತಿದ್ದೆ. ಈಗ ಆ ವಾರದ ರಜೆಗೆ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಗುಡ್ಡಕ್ಕೇ ಹೋಗುತ್ತೇವೆ. ನಮ್ಮ ಕಡೆಯ ಎರಡು ಮನೆಯವರು ಜೊತೆಗಿರುತ್ತಾರೆ. ಚರಗ ಎಲ್ಲಿ ಚೆಲ್ಲುವುದು ಅಂತ ಮಗಳು ಕೇಳಿದಳು. ಅಲ್ಲಿ ಕಾಡುಪ್ರಾಣಿಗಳಿಗೆ ಊಟ ಸಿಗುವ ಹಾಗೆ ಏನೂ ಬಿಡಬಾರದು, ಅದು ಕಾನೂನು. ಹಾಗಾಗಿ ಒಂದು ತುತ್ತು ಡಬ್ಬಿಯಲ್ಲಿ ಉಳಿಸಿ, ಮನೆಗೆ ತಂದು ಕಿಟಕಿಯ ತುಳಸಿ ಕುಂಡಕ್ಕೆ ಹಾಕುತ್ತೇವೆ.

ಇದು ನಮ್ಮ ಆಟ ಅಲ್ಲ ಅಂತ ಊರಿನಲ್ಲಿ ಯಾರಾದರೂ ಅಂದರೆ ಆರಿಫ್ ಖಾನ್ ಹೆಸರು ಹೇಳು. ಗುಲ್ಮಾರ್ಗಿನಲ್ಲಿ ಸ್ಕೀ ಸಾಮಾನಿನ ಅಂಗಡಿ ಇಟ್ಟಿದ್ದ ಅಪ್ಪ ಅವನನ್ನು ನಾಲ್ಕನೇ ವಯಸ್ಸಿಗೇ ಹಿಮಕ್ಕೆ ಇಳಿಸಿದರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿಗೆ ಭಾರತದಿಂದ ಹೋದವನು ಅವನೊಬ್ಬನೇ.

ದುಡ್ಡಿನ ಮಾತು. ದೊಡ್ಡವರ ಟಿಕೆಟ್ ದುಬಾರಿ, ಮುಚ್ಚಿಡುವುದಿಲ್ಲ. ತೀರಾ ಸಣ್ಣ ಮಕ್ಕಳಿಗೆ ಬಹಳ ಕಡೆ ಟಿಕೆಟ್ ಇಲ್ಲ, ಇದ್ದರೂ ಕಮ್ಮಿ. ಸ್ಕೀ, ಬೂಟು ಕೊಳ್ಳಬೇಡಿ, ಮಕ್ಕಳ ಕಾಲು ವರ್ಷಕ್ಕೊಂದು ಅಳತೆ ಬೆಳೆಯುತ್ತದೆ. ಇಡೀ ಚಳಿಗಾಲಕ್ಕೆ ಬಾಡಿಗೆ ಕೊಡುವ ಅಂಗಡಿಗಳಿವೆ, ಸೆಪ್ಟೆಂಬರಿನಲ್ಲೇ ವಿಚಾರಿಸು. ಹಳೆಯ ಸಾಮಾನು ಮಾರುವ ಸಂತೆಯೂ ಚಳಿಗಾಲಕ್ಕೆ ಮುಂಚೆ ನಡೆಯುತ್ತದೆ. ಹೆಲ್ಮೆಟ್ ಮಾತ್ರ ಹೊಸದೇ ಇರಲಿ, ಹಳೆಯದು ಎಲ್ಲಿ ಪೆಟ್ಟು ತಿಂದಿದೆಯೋ ಕಣ್ಣಿಗೆ ಕಾಣುವುದಿಲ್ಲ. ಮಗ ನಾಲ್ಕನೇ, ಐದನೇ ತರಗತಿಗೆ ಬಂದಾಗ ಸ್ನೋಪಾಸ್ ಅಂತ ಒಂದಿದೆ. ಸಣ್ಣ ಶುಲ್ಕ ಕಟ್ಟಿದರೆ ಕೆನಡಾದ ಬಹಳಷ್ಟು ಗುಡ್ಡಗಳಲ್ಲಿ ಆ ವಯಸ್ಸಿನ ಮಕ್ಕಳಿಗೆ ಕೆಲವು ಸಲ ಟಿಕೆಟ್ ಬಿಟ್ಟಿ. ನನ್ನ ಮಗಳಿಗೆ ಈ ವರ್ಷ ಅದು ಸಿಗುತ್ತದೆ.

ಅವಳ ಮೊದಲ ಸರಿಯಾದ ಬೂಟನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದೇನೆ. ಅಳತೆ 17.5. ಸ್ಕೀ ಬೂಟಿನ ಅಳತೆ ಅಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ಇವತ್ತು ಸಂಜೆ ಮಗನನ್ನು ಗೋಡೆಗೆ ಹಿಮ್ಮಡಿ ತಾಗಿಸಿ ಒಂದು ಹಾಳೆಯ ಮೇಲೆ ನಿಲ್ಲಿಸು. ಹೆಬ್ಬೆರಳ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಅಳೆದು ನನಗೆ ಕಳಿಸು. ಎರಡೂ ಕಾಲು ಅಳೆ, ದೊಡ್ಡದಿರುವುದನ್ನು ಬರಿ. ಚಳಿಗಾಲದ ಹೊತ್ತಿಗೆ ಸ್ವಲ್ಪ ಬೆಳೆದಿರುತ್ತಾನೆ, ಅದನ್ನೂ ಲೆಕ್ಕ ಹಾಕಿ ನೋಡುತ್ತೇನೆ. ಆ ಬೂಟು ಅವನಿಗೆ ಆಗಬಹುದು.