ಒಂಬತ್ತನೇ ತರಗತಿಯ ಮಗಳು ತಾನೇ ಯೋಚಿಸಿ ಒಂದು ವಸ್ತು ತಯಾರಿಸಬೇಕಂತೆ. ಕಿಟ್ ಕೊಡಿಸಲಾ?

ನಮಸ್ಕಾರ್ರೀ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹುಬ್ಬಳ್ಳಿಯಲ್ಲಿ ಮನೆ, ಮಗಳು ಒಂಬತ್ತನೇ ತರಗತಿ, ಆರು ವಾರದೊಳಗೆ ತಾನೇ ಯೋಚಿಸಿ, ತಾನೇ ತಯಾರಿಸಿದ ಒಂದು ಉಪಯೋಗದ ವಸ್ತು ಶಾಲೆಗೆ ಒಯ್ಯಬೇಕು. ಅವಳಿಗೆ ಸ್ಮಾರ್ಟ್ ಡಸ್ಟ್‌ಬಿನ್ ಮಾಡುವ ಆಸೆ. ಅಂಗಡಿಯಲ್ಲಿ ಅದರ ಕಿಟ್ ಸಿಗುತ್ತದೆ, ಕೊಡಿಸಲಾ, ಇಂಥದ್ದಕ್ಕೆಲ್ಲ ಖರ್ಚು ಎಷ್ಟಾಗುತ್ತದೆ ಅಂತ ಕೇಳಿದ್ದೀರಿ. ಮನೆಯವರು ಖಡಕ್ ರೊಟ್ಟಿ ಮಾಡಿ ಮಾರುವುದರಿಂದ ಇಬ್ಬರಿಗೂ ಜೊತೆಗೆ ಕೂತು ಸಹಾಯ ಮಾಡಲು ಪುರುಸೊತ್ತಿಲ್ಲ ಎಂದೂ ಒಂದು ಸಾಲು ಬರೆದಿದ್ದೀರಿ. ಆ ಸಾಲಿಗೆ ಕೊನೆಗೆ ಬರುತ್ತೇನೆ.

ಕಿಟ್ ಬೇಡ. ಕೈ ಹತ್ತಿರ ಒಯ್ದರೆ ಮುಚ್ಚಳ ತೆರೆಯುವ ಆ ಡಬ್ಬಿ ಇಲ್ಲದ ವಸ್ತುಪ್ರದರ್ಶನವನ್ನು ನಾನು ನೋಡಿಯೇ ಇಲ್ಲ. ಪುಟ್ಟ ಕಂಪ್ಯೂಟರಿನಂಥ ಒಂದು ಆರ್ಡುಯಿನೊ ಬೋರ್ಡ್, ಎರಡು ಕಣ್ಣಿನಂತೆ ಕಾಣುವ ಎಚ್‌ಸಿ-ಎಸ್‌ಆರ್04 ಸೆನ್ಸರ್, ಮುಚ್ಚಳ ಎತ್ತಲು ಒಂದು ಪುಟ್ಟ ಸರ್ವೋ ಮೋಟರ್, ಅಷ್ಟೇ ಅದು. ಕಿವಿಗೆ ಕೇಳದ ಧ್ವನಿ ಬಿಟ್ಟು, ಅದು ಬಡಿದು ವಾಪಸ್ ಬರುವ ಸಮಯದಿಂದ ಸೆನ್ಸರ್ ದೂರವನ್ನು ಲೆಕ್ಕ ಹಾಕುತ್ತದೆ. 2 ಸೆಂ.ಮೀ.ನಿಂದ 4 ಮೀಟರ್‌ವರೆಗೆ ಅದರ ಕಣ್ಣು. ಪ್ರತಿಧ್ವನಿಯ ಪಾಠಕ್ಕೆ ಒಳ್ಳೆಯ ಉದಾಹರಣೆ, ನಾನೂ ತೋರಿಸುತ್ತೇನೆ. ಆದರೆ ಎಲ್ಲಿ ಯಾವ ವೈರ್ ಎಂದು ಚೀಟಿಯಲ್ಲಿ ಬರೆದಿರುವಾಗ ನಿಮ್ಮ ಮಗಳು ಯೋಚಿಸುವುದು ಏನನ್ನ? ಕಾಲಿನಿಂದ ತುಳಿದರೆ ತೆರೆಯುವ ಪೆಡಲ್ ಡಬ್ಬಿ ಅದೇ ಕೆಲಸವನ್ನು ಬ್ಯಾಟರಿ ಇಲ್ಲದೆ ಮಾಡುತ್ತದೆ.

ಹೀಗೆ ಹೇಳುವ ನಾನು ಯಾರು ಅಂದರೆ, ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ಮಕ್ಕಳು ಅಕ್ಕೋರು ಅಂತಾರೆ. ಮಕ್ಕಳಿಂದ ವಸ್ತು ಮಾಡಿಸುವ ಈ ಗೀಳು ಹಿಡಿದ ಮೊದಲ ವರ್ಷ ನಾನು ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಒಬ್ಬ ಹುಡುಗ ನೆಲದ ಮೇಲೆ ಕೂತು ಓದುವವರಿಗೆ ಪುಸ್ತಕದ ಸ್ಟ್ಯಾಂಡ್ ಮಾಡುತ್ತಿದ್ದ. ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು, ಅವನ ಕೆಲಸ ಸೊಟ್ಟಗಿತ್ತು. ನಾನೇ ಮನೆಗೆ ಒಯ್ದು, ರಾತ್ರಿ ಕೂತು ಉಪ್ಪುಕಾಗದದಿಂದ ತಿಕ್ಕಿ, ತೂತು ಕೊರೆದು, ಬಣ್ಣ ಹಚ್ಚಿ ಚೆಂದ ಮಾಡಿಟ್ಟೆ. ನೋಡಲು ಬಂದವರು, "ಈ ತೂತು ಯಾಕಪಾ ಇಲ್ಲಿ?" ಅಂತ ಅವನನ್ನು ಕೇಳಿದರು. ಹುಡುಗ ನನ್ನ ಮುಖ ನೋಡಿದ. ಅದು ನಾನು ತಪ್ಪು ಜಾಗದಲ್ಲಿ ಕೊರೆದು, ಮುಚ್ಚಲು ಮರೆತ ತೂತು. ಅವತ್ತು ಅವನ ಮುಖ ಕೆಂಪಾಗಿದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಆಮೇಲೆ ನಾನು ಮಕ್ಕಳ ವಸ್ತುವಿಗೆ ಕೈ ಹಚ್ಚಿಲ್ಲ. ನಿಮಗೆ ಸಹಾಯ ಮಾಡಲು ಪುರುಸೊತ್ತಿಲ್ಲ ಎನ್ನುವುದು, ನನ್ನ ಮಟ್ಟಿಗೆ, ಅರ್ಧ ಒಳ್ಳೆಯ ಸುದ್ದಿ.

ಈಗ ಎಲ್ಲಿಂದ ಶುರು ಮಾಡಬೇಕು ಅನ್ನುವುದು. ವಸ್ತುವಿನಿಂದ ಅಲ್ಲ, ಒಬ್ಬ ಮನುಷ್ಯರಿಂದ. ಮಗಳು ದಿನಾ ನೋಡಬಹುದಾದ, ಪ್ರಶ್ನೆ ಕೇಳಿದರೆ ಬೈಯದ, ಕೈಕೆಲಸ ಮಾಡುವ ಒಬ್ಬರನ್ನು ಹಿಡಿಯಬೇಕು. "ಸಮಾಜಕ್ಕೆ ಉಪಯೋಗವಾಗುವಂಥದ್ದು" ಅಂತ ಶುರು ಮಾಡಿದ ಮಕ್ಕಳೆಲ್ಲ ಡಸ್ಟ್‌ಬಿನ್‌ಗೇ ಬಂದು ನಿಲ್ಲುತ್ತಾರೆ. "ನಮ್ಮ ಅಜ್ಜನ ಕೋಲು" ಅಂತ ಶುರು ಮಾಡಿದವರು ಬೇರೆ ಎಲ್ಲಿಗೋ ಹೋಗುತ್ತಾರೆ.

ಒಬ್ಬಳ ಕಥೆ ವಿವರವಾಗಿ ಹೇಳುತ್ತೇನೆ, ಯಾಕಂದರೆ ಇಡೀ ಕೆಲಸದ ದಾರಿ ಅದರಲ್ಲಿದೆ. ಅವಳ ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ತೊಟ್ಟಿಗೆ ನಮ್ಮ ಕಡೆ ತುಂಬು ಅಂತೀವಿ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಹೆಸರು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕವೂ (ಇಂಥ ಸೀಮೆಯದು ಎನ್ನುವ ಜಿಐ ಗುರುತು) ಸಿಕ್ಕಿದೆ. ಆದರೆ ಖಾರ ಕಮ್ಮಿ ಅನ್ನುವ ಮಾತು ದಿನವಿಡೀ ಅದರ ಘಾಟಿನಲ್ಲಿ ಕೂತವರಿಗೆ ಹೇಳುವ ಹಾಗಿಲ್ಲ. ಹುಡುಗಿ ಬಂದು, "ಅವ್ವಗ ತುಂಬು ಬಿಡಸೂ ಮಷೀನ್ ಮಾಡ್ತೀನ್ರೀ ಅಕ್ಕೋರ" ಅಂದಳು. ಫೋನಿನಲ್ಲಿ ಮೋಟರ್, ರೋಲರ್ ಎಲ್ಲ ನೋಡಿಕೊಂಡೇ ಬಂದಿದ್ದಳು. ಮೊದಲು ಅವ್ವನ ಪಕ್ಕ ಒಂದು ದಿನ ಕೂತು ಬಾ, ಪಟ್ಟಿಯಲ್ಲಿ (ನೋಟ್‌ಬುಕ್ಕಿನಲ್ಲಿ) ಬರೆದುಕೊಂಡು ಬಾ ಅಂದೆ.

ಬರೆದು ತಂದ ಮೊದಲ ಸಾಲು ಹೀಗಿತ್ತು: "ಮಷೀನ್ ಬಂದ್ರ ನನ್ನ ಕೂಲಿ ಯಾರ್ ಕೊಡ್ತಾರವಾ?" ಅವ್ವನಿಗೆ ಕಿಲೋ ಲೆಕ್ಕದ ಕೂಲಿ. ಆ ಒಂದು ಸಾಲಿನಲ್ಲಿ ಮಷೀನಿನ ಮಾತು ಮುಗಿಯಿತು.

ಉಳಿದ ಪುಟಗಳಲ್ಲಿ ಎಣಿಕೆ ಇತ್ತು. ನಿಮಿಷಕ್ಕೆ ಎಷ್ಟು ಕಾಯಿ, ಎಡಗೈ ಏನು ಮಾಡುತ್ತದೆ, ಬಲಗೈ ಹೆಬ್ಬೆರಳು ಎಲ್ಲಿ ಒತ್ತುತ್ತದೆ. ಹುಡುಗಿ ಬೆರಳಿನ ಉರಿಯೇ ದೊಡ್ಡ ತೊಂದರೆ ಅಂದುಕೊಂಡಿದ್ದಳು. ಕೂತು ನೋಡಿದಾಗ ಕಂಡದ್ದು ಬೇರೆ. ಕಾಯಿಯ ರಾಶಿ ಕರಗುತ್ತಾ ಹೋದಂತೆ ದೂರ ಸರಿಯುತ್ತದೆ. ಅವ್ವ ಮುಂದೆ ಬಾಗುತ್ತಾರೆ, ಇನ್ನಷ್ಟು ಬಾಗುತ್ತಾರೆ, ಕೊನೆಗೆ ಮೊಣಕಾಲು ಹಿಡಿದು ಎದ್ದು ರಾಶಿಯನ್ನು ಹತ್ತಿರ ಎಳೆದುಕೊಂಡು ಮತ್ತೆ ಕೂಡುತ್ತಾರೆ. ಒಂದು ತಾಸಿಗೆ ಒಂಬತ್ತು ಸಲ. ಇದನ್ನು ಅವ್ವ ಬಾಯಿಬಿಟ್ಟು ಹೇಳಿರಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ, ಯಾಕಂದರೆ ಅದೊಂದು ತೊಂದರೆ ಅಂತಲೇ ಅವರಿಗೆ ಅನಿಸಿರಲಿಲ್ಲ.

ಹೀಗಾಗಿ ವಸ್ತು ಬದಲಾಯಿತು. ಒಂದು ಗಿಡ್ಡ ಮಣೆ, ಅದರ ಮುಂದೆ ಇಳಿಜಾರಿನ ತಟ್ಟೆ. ಕಾಯಿ ತಾನೇ ಕೈಗೆ ಜಾರಿ ಬರಬೇಕು. ಮೊದಲನೆಯದನ್ನು ಫ್ರಿಜ್ಜಿನ ರಟ್ಟಿನ ಡಬ್ಬಿ ಕತ್ತರಿಸಿ, ಅಂಟುಪಟ್ಟಿ ಹಚ್ಚಿ ಒಂದು ಸಂಜೆಯಲ್ಲಿ ಮಾಡಿದಳು. ಅಂಚು ಎತ್ತರವಾಗಿ ಮಣಿಕಟ್ಟಿಗೆ ತಾಗುತ್ತಿತ್ತು. ಕತ್ತರಿ ತಗೊಂಡು ಅಲ್ಲೇ ಕತ್ತರಿಸಿದರು. ರಟ್ಟಿನ ಗುಣವೇ ಅದು, ಯಾರಿಗೂ ಅದರ ಮೇಲೆ ಮಮತೆ ಇರುವುದಿಲ್ಲ. ಮೊದಲ ಸಲವೇ ಪ್ಲೈವುಡ್ ಕತ್ತರಿಸಿದ್ದರೆ "ಇರಲಿ ಬಿಡು, ನಡಿತೈತಿ" ಅಂತ ಅವ್ವನೇ ಸುಮ್ಮನಾಗುತ್ತಿದ್ದರು.

ಇಳಿಜಾರು ಎಷ್ಟಿರಬೇಕು ಅನ್ನುವುದಕ್ಕೆ ಮೂರು ದಿನ ಹಿಡಿಯಿತು. ಬ್ಯಾಡಗಿ ಕಡ್ಡಿ ಕಾಯಿ ಸುಕ್ಕುಸುಕ್ಕು, ಒಂದಕ್ಕೊಂದು ತೊಡರಿಕೊಂಡು ಕೂಡುತ್ತದೆ. ಕೋನಮಾಪಕ ಹಿಡಿದು ಪ್ಲೈ ಹಲಗೆಯನ್ನು ಎತ್ತುತ್ತಾ ಹೋದಳು. 25 ಡಿಗ್ರಿವರೆಗೆ ಒಂದು ಕಾಯಿಯೂ ಅಲುಗಲಿಲ್ಲ. 35 ದಾಟುತ್ತಿದ್ದಂತೆ ರಾಶಿಗೆ ರಾಶಿಯೇ ತೊಡೆಯ ಮೇಲೆ. ಫರ್ನಿಚರ್ ಅಂಗಡಿಯಲ್ಲಿ ಬಿದ್ದಿದ್ದ ಸನ್‌ಮೈಕಾ ತುಂಡನ್ನು ಹಲಗೆಗೆ ಅಂಟಿಸಿದಾಗ 25ರ ಆಸುಪಾಸಿನಲ್ಲೇ, ಬೆರಳಿನಿಂದ ಚೂರು ಎಳೆದರೆ ಬೇಕಾದಷ್ಟು ಮಾತ್ರ ಬರತೊಡಗಿತು. ಘರ್ಷಣೆಯ ಪಾಠ ನಾನು ಎಷ್ಟೋ ಸಲ ಮಾಡಿದ್ದೇನೆ. ಆ ಹುಡುಗಿ ತಿಳಿದುಕೊಂಡಷ್ಟು ಯಾರೂ ತಿಳಿದುಕೊಂಡಿರಲಿಲ್ಲ.

ನಂತರ ಬಡಿಗೇರ ಕಾಕಾನ ಹತ್ತಿರ ಹೋದೆವು. ಹುಡುಗಿ ಹಾಳೆಯಲ್ಲಿ ಅಗಲ 452 ಮಿ.ಮೀ. ಅಂತ ಬರೆದಿದ್ದಳು. ಕಾಕಾ ಕನ್ನಡಕ ಏರಿಸಿ, "ಇದು ಎಷ್ಟು ಇಂಚು, ಎಷ್ಟು ಸೂತು, ಅದನ್ನ ಹೇಳವಾ" ಅಂದ. ಇಂಚಿಗೆ ಎಂಟು ಸೂತು, ಒಂದು ಸೂತು ಅಂದರೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ಅವಳು ಅಲ್ಲೇ ಕೂತು ಲೆಕ್ಕ ಹಾಕಿ ಹದಿನೇಳು ಇಂಚು ಆರು ಸೂತು ಅಂದಳು. ಒಂದು ಮಿಲಿಮೀಟರ್ ಚಿಲ್ಲರೆ ಉಳಿಯಿತು. "ಅದನ್ನ ರಂದಾ ನುಂಗತೈತಿ" ಅಂದ ಕಾಕಾ. ರಂದಾ ಅಂದರೆ ಮರ ಹೆರೆಯುವ ಸಾಧನ. ಮತ್ತೊಂದು ಕಲಿಕೆ: 6 ಮಿ.ಮೀ. ಅಂತ ತಂದ ಪ್ಲೈ ಅಳೆದರೆ ಐದೂವರೆ. ಹಾಳೆಯ ಪ್ರಕಾರ ಕೊರೆದ ಗಾಡಿಗಳಲ್ಲಿ (ಹಲಗೆ ಕೂಡಿಸುವ ಸೀಳುಗಳಲ್ಲಿ) ಹಲಗೆ ಲೊಡಲೊಡ. ಅದಕ್ಕೇ ಹೇಳುವುದು, ಸಾಮಾನು ಕೈಗೆ ಬಂದ ಮೇಲೆ ಅಳೆದು ನಂತರವೇ ಕೊನೆಯ ಚಿತ್ರ ಬರೆಯಬೇಕು.

ತೊಟ್ಟು ಹಾಕಲು ಪಕ್ಕದಲ್ಲಿ ಒಂದು ಖಾನೆ ಮಾಡಿದ್ದಳು, ಅವಳಿಗೆ ಅದರ ಮೇಲೆ ಬಹಳ ಹೆಮ್ಮೆ. ಅವ್ವ ಎರಡೇ ದಿನಕ್ಕೆ ಅದನ್ನು ಕಿತ್ತು ಹಾಕಿದರು. ತೊಟ್ಟು ಹಗುರ, ಆದರೆ ಜಾಗ ಬಹಳ ತಿನ್ನುತ್ತದೆ, ಖಾನೆ ಬೇಗ ಬೇಗ ತುಂಬುತ್ತಿತ್ತು. ಅಳುಮುಖ ಮಾಡಿಕೊಂಡು ಬಂದ ಹುಡುಗಿ, ಆ ಜಾಗಕ್ಕೆ ಚೀಲ ಸಿಕ್ಕಿಸಲು ಎರಡು ಕೊಕ್ಕೆ ಹಾಕಿದಳು. ಕೊನೆಗೆ ಮತ್ತೆ ಎಣಿಸಿದಾಗ ನಿಮಿಷಕ್ಕೆ ಬಿಡಿಸುವ ಕಾಯಿಯ ಲೆಕ್ಕ ಹೆಚ್ಚೇನೂ ಏರಿರಲಿಲ್ಲ. ತಾಸಿಗೆ ಒಂಬತ್ತು ಸಲ ಏಳುವುದು ಎರಡಕ್ಕೆ ಇಳಿದಿತ್ತು. ಅದನ್ನೇ ಬರೆ, ವೇಗ ಹೆಚ್ಚಾಗಲಿಲ್ಲ ಅನ್ನುವುದನ್ನೂ ಬರೆ ಅಂದೆ. ಪ್ರದರ್ಶನದಲ್ಲಿ ಬಹುಮಾನ ಬಂದದ್ದು ಮಿಣಿಮಿಣಿ ಲೈಟಿನ ಬೇರೆ ಯಾವುದಕ್ಕೋ. ನಾನು ಒಂದು ವಾರ ಕುದಿಯುತ್ತಿದ್ದೆ. ಹುಡುಗಿಗೆ ಅಷ್ಟೇನೂ ಅನಿಸಲಿಲ್ಲ, ಪಕ್ಕದಲ್ಲಿ ಕೂಡುವ ಇನ್ನೊಬ್ಬ ಚಿಕ್ಕಮ್ಮ ತನಗೂ ಒಂದು ಮಾಡಿಕೊಡು ಅಂದಿದ್ದರು.

ಖರ್ಚು ಕೇಳಿದ್ದೀರಿ. ಅವಳದು ಎಲ್ಲ ಸೇರಿ 640 ರೂಪಾಯಿ, ಪ್ಲೈ ಚೂರುಗಳು ಪುಕ್ಕಟೆ. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ವಸ್ತು ಮಾಡಿ ನೋಡುವ ಕೋಣೆ) ಇದ್ದರೆ ಕೇಳಿ ನೋಡಿ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ, ಶಾಲೆಗೆ 20 ಲಕ್ಷದವರೆಗೆ ಅನುದಾನ ಕೊಟ್ಟು ಮಾಡಿಸಿದ್ದು. ಅಲ್ಲಿರುವ ತ್ರೀಡಿ ಪ್ರಿಂಟರ್ ನೋಡಿ ಮಾತ್ರ ಮರುಳಾಗಬೇಡಿ. ಮಕ್ಕಳು ತಮ್ಮ ಹೆಸರಿನ ಕೀಚೈನ್ ತೆಗೆಯುವುದರಲ್ಲೇ ತಿಂಗಳು ಕಳೆಯುತ್ತಾರೆ. ಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ಕು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಸೊಟ್ಟ ಆಗುತ್ತದೆ. ಇನ್‌ಸ್ಪೈರ್ ಮಾನಕ್ ಅಂತ ಕೇಂದ್ರ ಸರ್ಕಾರದ ಇನ್ನೊಂದು ಯೋಜನೆ ಇದೆ. ಶಾಲೆ ಮಕ್ಕಳ ಯೋಚನೆಗಳನ್ನು ಆನ್‌ಲೈನಿನಲ್ಲಿ ಕಳಿಸುತ್ತದೆ, ಆಯ್ಕೆಯಾದ ವಿದ್ಯಾರ್ಥಿಯ ಖಾತೆಗೆ ವಸ್ತು ಮಾಡಲು 10,000 ರೂಪಾಯಿ ಬರುತ್ತದೆ. ನಿಮ್ಮ ಆರು ವಾರದ ಕೆಲಸಕ್ಕೆ ಅದು ಒದಗುವುದಿಲ್ಲ, ಮುಂದಿನ ವರ್ಷಕ್ಕೆ ಲೆಕ್ಕದಲ್ಲಿರಲಿ.

ಮಗಳಿಗೆ "ಇಷ್ಟು ಸಣ್ಣದಾ?" ಅನಿಸಿದರೆ ನಿಮ್ಮ ಜಿಲ್ಲೆಯವರೇ ಆದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಕಥೆ ಹೇಳಿ. 2022ರಲ್ಲಿ ಪದ್ಮಶ್ರೀ ಬಂತು. ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬಿತ್ತುವ ಕೂರಿಗೆ ಅಂತ ರೈತರಿಗೆ ಏನೇನೋ ಮಾಡಿಕೊಟ್ಟವರು. ಅವರು ಮಾಡಿದ ಮೊದಲ ವಸ್ತುಗಳಲ್ಲೊಂದು, ಬೆಳಗ್ಗೆ ಏಳಲಾಗದ ತಮಗೇ ಅಂತ ಮಾಡಿಕೊಂಡ ಅಲಾರಾಂ. ಗಡಿಯಾರದ ಕೀಲಿಗೆ ದಾರ ಕಟ್ಟಿ, ಕೀಲಿ ತಿರುಗಿದಂತೆ ದಾರ ಸುತ್ತಿಕೊಂಡು ನೀರಿನ ಬಾಟಲಿ ಮುಖದ ಮೇಲೆ ಬಗ್ಗುವ ಹಾಗೆ. ನಮ್ಮ ಹುಡುಗರಿಗೆ ಪದ್ಮಶ್ರೀಗಿಂತ ಈ ನೀರಿನ ಬಾಟಲಿಯೇ ಹೆಚ್ಚು ನೆನಪಿರುತ್ತದೆ.

ಸಾಧ್ಯವಾದರೆ ಒಂದು ಮಧ್ಯಾಹ್ನ ನಿಮ್ಮ ಹುಬ್ಬಳ್ಳಿಯ ಬೆಂಗೇರಿಗೂ ಕರೆದೊಯ್ಯಿರಿ. 1957ರಲ್ಲಿ ಶುರುವಾದ ಖಾದಿ ಸಂಘದವರು ರಾಷ್ಟ್ರಧ್ವಜ ತಯಾರಿಸುವ ಜಾಗ, ಮೊದಲು ವಿಚಾರಿಸಿ ಹೋಗಿ. ಉದ್ದ ಅಗಲ 3:2 ಇರಬೇಕು, ಚಕ್ರಕ್ಕೆ 24 ಗೆರೆ, ಬಣ್ಣ ಬಟ್ಟೆ ಎಲ್ಲದಕ್ಕೂ ಲಿಖಿತ ನಿಯಮ. ಸರಿಯಾಗಿದೆಯೋ ಇಲ್ಲವೋ ಅನ್ನುವುದನ್ನು ಕಣ್ಣಂದಾಜಿಗೆ ಬಿಟ್ಟಿಲ್ಲ. ನಿಮ್ಮ ಮಗಳೂ ಕತ್ತರಿ ಹಿಡಿಯುವ ಮುಂಚೆ ಅಂಥ ನಾಲ್ಕು ಸಾಲು ಬರೆಯಬೇಕು: ಎಷ್ಟು ತೂಕ ತಡೆಯಬೇಕು, ಎಲ್ಲಿ ಇಡಬೇಕು, ಯಾರು ಎತ್ತಬೇಕು, ಹೇಗೆ ತೊಳೆಯಬೇಕು.

ಕಟ್ಟರ್ ಬ್ಲೇಡಿನ ಕೆಲಸಕ್ಕೆ ಮಾತ್ರ ದೊಡ್ಡವರು ಪಕ್ಕದಲ್ಲಿರಿ. ಪಿವಿಸಿ ಪೈಪನ್ನು ಬೆಂಕಿಗೆ ಹಿಡಿದು ಬಗ್ಗಿಸುವುದು ಮನೆಯೊಳಗೆ ಬೇಡವೇ ಬೇಡ, ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ.

ಈಗ ನಿಮ್ಮ ರೊಟ್ಟಿಯ ಸಾಲು. ಮನೆಯಲ್ಲೇ ದಿನಾ ಬೆಳಗ್ಗೆ ಒಬ್ಬರು ಕೂತು ನೂರಾರು ಸಲ ಒಂದೇ ಕೆಲಸ ಮಾಡುತ್ತಿರುವಾಗ ನೀವು ಡಸ್ಟ್‌ಬಿನ್ ಕಿಟ್ ಹುಡುಕುತ್ತಿದ್ದೀರಿ! ಈ ಭಾನುವಾರ ಮಗಳು ಅವ್ವನ ಪಕ್ಕ ಪಟ್ಟಿ ಹಿಡಿದು ಕೂಡಲಿ. ಏನು ತೊಂದರೆ ಅಂತ ಕೇಳುವುದು ಬೇಡ, ಸುಮ್ಮನೆ ನೋಡಲಿ. ತಟ್ಟುವಾಗ ಹಿಟ್ಟಿಗೆ ಎಷ್ಟು ಸಲ ಕೈ ಚಾಚುತ್ತಾರೆ, ಬೇಯಿಸಿದ್ದನ್ನು ಆರಲು ಎಲ್ಲಿ ಹೇಗೆ ನಿಲ್ಲಿಸುತ್ತಾರೆ, ಅಂಗಡಿಗೆ ಒಯ್ಯಲು ಯಾವುದರಲ್ಲಿ ಕಟ್ಟುತ್ತಾರೆ. ಒಂದೇ ಒಂದು ಎಚ್ಚರ: ರೊಟ್ಟಿ ತಾಗುವ ಜಾಗದಲ್ಲಿ ಪ್ಲೈ, ಫೆವಿಕಾಲ್, ಬಣ್ಣ ಯಾವುದೂ ಬರಬಾರದು, ಸ್ಟೀಲೋ ತೊಳೆದ ಬಟ್ಟೆಯೋ ಇರಲಿ. ನಾನಾಗಿದ್ದರೆ ಮೊದಲು ಎಣಿಸುತ್ತಿದ್ದದ್ದು ಇದನ್ನ: ನೂರು ರೊಟ್ಟಿ ಕಟ್ಟಿ ಕಳಿಸಿದರೆ ಅಂಗಡಿ ಮುಟ್ಟುವಷ್ಟರಲ್ಲಿ ಮುರಿಯುವುದು ಎಷ್ಟು, ಮುರಿಯುವುದು ಅಂಚಿನವಾ, ತಳದವಾ? ಲೆಕ್ಕ ಸಿಕ್ಕರೆ ಇಲ್ಲೇ ಬರೆಯಿರಿ, ರಟ್ಟಿನ ಮೊದಲ ಡಬ್ಬಿ ಹೇಗಿರಬೇಕು ಅನ್ನುವ ಮಾತು ಆಮೇಲೆ ಆಡೋಣ.