ಎಲ್ಲವನ್ನೂ ಹತ್ತರಿಂದ ಗುಣಿಸಬೇಡಿ

ಪ್ರಶ್ನೆ: ನಾಲ್ಕು ಜನಕ್ಕೆ 2 ಲೋಟ ಅಕ್ಕಿಯ ತರಕಾರಿ ಅನ್ನ ಮಾಡಿದರೆ ಉದುರುದುರಾಗಿ ಬರುತ್ತದೆ. ನೆಂಟರೆಲ್ಲ ಸೇರಿದ ದಿನ 40 ಜನಕ್ಕೆಂದು ಎಲ್ಲವನ್ನೂ ಹತ್ತು ಪಟ್ಟು ಹಾಕಿದೆ. ತಳ ಸೀದುಹೋಯಿತು, ನಡುವೆ ಮುದ್ದೆ, ಬಾಯಿಗಿಟ್ಟರೆ ಉಪ್ಪೋ ಉಪ್ಪು. ಅಕ್ಕಿ ಸರಿಯಿರಲಿಲ್ಲವೇ?

ಉತ್ತರ: ಈ ಪ್ರಶ್ನೆ ಬಂದಾಗಲೆಲ್ಲ ಅಕ್ಕಿಯ ಮೇಲೇ ದೂರು. ಅಕ್ಕಿಯದೇನೂ ತಪ್ಪಿಲ್ಲ, ತಪ್ಪಿದ್ದು ನಿಮ್ಮ ಗುಣಾಕಾರ.

ಮೊದಲು ನೀರು. 2 ಲೋಟ ಅಕ್ಕಿಗೆ 4 ಲೋಟ ನೀರು ಹಾಕುತ್ತೀರಲ್ಲ, ಅದಷ್ಟನ್ನೂ ಅಕ್ಕಿ ಕುಡಿಯುವುದಿಲ್ಲ. ಒಂದು ಪಾಲು ಆವಿಯಾಗಿ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದು ಪಾತ್ರೆಯ ಬಾಯಿ ಎಷ್ಟು ಅಗಲ, ಮುಚ್ಚಳ ಎಷ್ಟು ಬಿಗಿ, ಎಷ್ಟು ಹೊತ್ತು ಕುದಿಯಿತು ಅನ್ನುವುದರ ಮೇಲಿದೆ. ಅಕ್ಕಿ ಹತ್ತು ಪಟ್ಟಾದರೆ ಪಾತ್ರೆಯ ಬಾಯಿ ಹತ್ತು ಪಟ್ಟಾಗುತ್ತದೆಯೇ? ಇಲ್ಲ. ಹಾಗಾಗಿ ಆವಿಯ ಲೆಕ್ಕದಲ್ಲಿ ಹಾಕಿದ ನೀರೆಲ್ಲ ಪಾತ್ರೆಯಲ್ಲೇ ಉಳಿದು ಅನ್ನವನ್ನು ಮುದ್ದೆ ಮಾಡಿತು. 20 ಲೋಟ ಅಕ್ಕಿಗೆ, ಅಂದರೆ ಸುಮಾರು 4 ಕಿಲೋಗೆ, 28 ಲೋಟ ನೀರಿನಿಂದ ಶುರು ಮಾಡಿ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ ಬಸಿದಿದ್ದರೆ ಇನ್ನೂ 3 ಲೋಟ ಕಮ್ಮಿ. ಪಕ್ಕದ ಒಲೆಯಲ್ಲಿ 4 ಲೋಟ ನೀರು ಕುದಿಯುತ್ತಿರಲಿ. ಅಕ್ಕಿ ಮುಕ್ಕಾಲು ಬೆಂದಾಗ ಒಂದು ಅಗುಳು ಹಿಚುಕಿ ನೋಡಿ. ನಡುವೆ ಬಿಳಿ ಗಟ್ಟಿ ಚುಕ್ಕೆ ದಪ್ಪಗಿದ್ದು ನೀರು ಇಂಗಿಹೋಗಿದ್ದರೆ ಆಗ ಒಂದೊಂದೇ ಲೋಟ ಸೇರಿಸಿ. ತಣ್ಣೀರು ಸುರಿಯಬೇಡಿ: ಕುದಿ ನಿಂತುಹೋಗುತ್ತದೆ, ಅದು ಮತ್ತೆ ಬರುವಷ್ಟರಲ್ಲಿ ಅಗುಳಿನ ಹೊರಮೈ ಕರಗಿ ಅಂಟಾಗಿರುತ್ತದೆ.

ಹಾಕಿದ ನೀರನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಕಮ್ಮಿಯಿಂದ ಶುರು ಮಾಡಿ ಅನ್ನುವುದು ಅದಕ್ಕೇ.

ಇನ್ನು ಪಾತ್ರೆ. ನಾಲ್ಕು ಕಿಲೋ ಅಕ್ಕಿಯನ್ನು ಒಂದೇ ಎತ್ತರದ ಪಾತ್ರೆಯಲ್ಲಿ ಬೇಯಿಸಿದರೆ ಕೆಳಗಿನ ಅನ್ನ ಮೇಲಿನದರ ಭಾರಕ್ಕೇ ನಜ್ಜಾಗುತ್ತದೆ. ಮನೆಯ ಒಲೆಯ ಉರಿ ದೊಡ್ಡ ಪಾತ್ರೆಯ ನಡುಭಾಗಕ್ಕೆ ಮಾತ್ರ ತಾಗುವುದರಿಂದ ನಡುವೆ ಸೀಯುತ್ತದೆ, ಅಂಚಿನಲ್ಲಿ ಬೆಂದಿರುವುದಿಲ್ಲ. ದಪ್ಪ ತಳದ, ಅಗಲ ಬಾಯಿಯ ಎರಡು ಪಾತ್ರೆ ಇಡಿ, ತಲಾ 10–12 ಲೀಟರಿನವು. ನೀರು ಅಕ್ಕಿಯ ಮಟ್ಟಕ್ಕೆ ಇಳಿದ ಕೂಡಲೇ ಪಾತ್ರೆಯ ಕೆಳಗೆ ದಪ್ಪ ತವಾ ಇಟ್ಟು, ಸಣ್ಣ ಉರಿಯಲ್ಲಿ 15 ನಿಮಿಷ ಮುಚ್ಚಿಡಿ. ಆಮೇಲೆ ಉರಿ ಆರಿಸಿ, ಇನ್ನೊಂದು 10 ನಿಮಿಷ ಮುಟ್ಟಬೇಡಿ. ನಡುನಡುವೆ ಮುಚ್ಚಳ ತೆಗೆದು ಸೌಟಾಡಿಸುವ ಚಟ ಇರುವವರನ್ನು ಅಡುಗೆಮನೆಯಿಂದ ಆಚೆ ಕಳಿಸಿ.

ಈರುಳ್ಳಿಯದು ಬೇರೆ ಕಥೆ. 2 ಕಿಲೋ ಈರುಳ್ಳಿಯಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ನೀರಿದೆ. ಒಟ್ಟಿಗೆ ಹಾಕಿದರೆ ಅದು ಹುರಿಯುವುದಿಲ್ಲ, ತನ್ನದೇ ನೀರಿನಲ್ಲಿ ಬೇಯುತ್ತದೆ; ಕೆಂಪಗಾಗುವ ಮೊದಲೇ ನಿಮ್ಮ ತಾಳ್ಮೆ ಮುಗಿದಿರುತ್ತದೆ. ಅಗಲ ಬಾಣಲೆಯಲ್ಲಿ ಮೂರು ನಾಲ್ಕು ಕಂತಿನಲ್ಲಿ ಹುರಿದಿಟ್ಟುಕೊಳ್ಳಿ. ಎಣ್ಣೆ ಆರು ಪಟ್ಟು ಸಾಕು.

ಉಪ್ಪು ಮಾತ್ರ ಅಡುಗೆಯ ತೂಕಕ್ಕೆ ಸರಿಯಾಗಿ ಏರುತ್ತದೆ, ಕಿಲೋಗೆ ಸುಮಾರು 10 ಗ್ರಾಂ. ನಿಮ್ಮ ಅನ್ನ, ತರಕಾರಿ ಎಲ್ಲ ಸೇರಿ 12 ಕಿಲೋ ಆಗುತ್ತದೆ ಅಂದುಕೊಳ್ಳಿ, 120 ಗ್ರಾಂ ಬೇಕು. ಹಾಗಾದರೆ ಹೆಚ್ಚಾದದ್ದು ಹೇಗೆ? ಚಮಚದಿಂದ. ಮಟ್ಟಸ ಒಂದು ಟೀ ಚಮಚ ಪುಡಿ ಉಪ್ಪು 6 ಗ್ರಾಂ, ತಲೆ ತುಂಬಿದ ಚಮಚ ಅದರ ಹೆಚ್ಚುಕಮ್ಮಿ ಎರಡರಷ್ಟು. ನಾಲ್ಕು ಜನದ ಅಡುಗೆಯಲ್ಲಿ ಆ ವ್ಯತ್ಯಾಸವನ್ನು ನಾಲಿಗೆ ನೋಡಿ ಸರಿಮಾಡುತ್ತೀರಿ. ನಲವತ್ತು ಜನಕ್ಕೆ ಇಪ್ಪತ್ತು ಚಮಚ ಎಣಿಸುವಾಗ ಯಾರೋ ಮಾತಾಡಿಸಿದರೆ ಎಣಿಕೆಯೂ ತಪ್ಪುತ್ತದೆ. ತಕ್ಕಡಿಯಲ್ಲಿ ತೂಗಿ, 100 ಗ್ರಾಂ ಮೊದಲು ಹಾಕಿ, ನೀರು ಕುದಿ ಬಂದಾಗ ರುಚಿ ನೋಡಿ. ನೀರಿನಲ್ಲಿ ಉಪ್ಪು ಕೊಂಚ ಮುಂದಿರಬೇಕು. ಖಾರದ ಪುಡಿ, ಲವಂಗ, ಚಕ್ಕೆ ಆರು ಪಟ್ಟಿಗೆ ನಿಲ್ಲಿಸಿ. ದೊಡ್ಡ ಪಾತ್ರೆ ನಿಧಾನವಾಗಿ ಕಾಯುತ್ತದೆ, ಅಷ್ಟು ಹೊತ್ತೂ ಅವು ಸಾರ ಬಿಡುತ್ತಲೇ ಇರುತ್ತವೆ.

ಪ್ರಶ್ನೆ: ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದಂತೆ, ಹೌದೇ?

ಉತ್ತರ: ಇಲ್ಲ. ಅದು ಉಪ್ಪುನೀರನ್ನು ಹೀರುತ್ತದೆ, ಉಳಿದ ನೀರು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಅನ್ನವನ್ನೋ ಬೇಯಿಸಿದ ತರಕಾರಿಯನ್ನೋ ಬೆರೆಸಿ.

ಪ್ರಶ್ನೆ: ಬೆಳಿಗ್ಗೆಯೇ ಮಾಡಿ ಮುಚ್ಚಿಟ್ಟು, ಸಂಜೆ ಚೆನ್ನಾಗಿ ಬಿಸಿ ಮಾಡಿ ಬಡಿಸಿದರೆ ಆಗದೇ? ನಿಂಬೆರಸ ಹಿಂಡಿದರೆ ಕೆಡುವುದಿಲ್ಲ ಎಂದು ವಿಡಿಯೊದಲ್ಲಿ ನೋಡಿದೆ.

ಉತ್ತರ: ಆಗದು. ಆ ವಿಡಿಯೊ ಮಾಡಿದವರು ನಿಮ್ಮ ನೆಂಟರನ್ನು ಆಸ್ಪತ್ರೆಗೆ ಕರೆದೊಯ್ಯಲು ಬರುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಾಗ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ವಾಸನೆ, ರುಚಿ ಎಲ್ಲ ಸರಿಯಾಗೇ ಇರಬಹುದು. ಅಡುಗೆ ಒಂದೋ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗೆ ತಣ್ಣಗಿರಬೇಕು; ನಡುವೆ 2 ಗಂಟೆ ಮೀರಬಾರದು, ಸೆಕೆಯಲ್ಲಿ 1 ಗಂಟೆ. ಮೊದಲೇ ಮಾಡಲೇಬೇಕೆಂದರೆ ಅಗಲ ತಟ್ಟೆಗಳಲ್ಲಿ ಎರಡು ಇಂಚಿಗಿಂತ ದಪ್ಪವಾಗದಂತೆ ಹರಡಿ, ಹಬೆ ಹೋದ ಕೂಡಲೇ ಫ್ರಿಜ್ಜಿಗಿಡಿ. ಬಿಸಿಯಾದದ್ದನ್ನು ಫ್ರಿಜ್ಜಿಗಿಟ್ಟರೆ ಕೆಡುತ್ತದೆ ಅನ್ನುವ ನಂಬಿಕೆಯೂ ಸುಳ್ಳು. ಕೆಡುವುದು ದೊಡ್ಡ ಪಾತ್ರೆಯಲ್ಲಿ ರಾತ್ರಿಯಿಡೀ ಮೆಲ್ಲಗೆ ಆರುವ ಅನ್ನ.

ಪ್ರಶ್ನೆ: ರಾಜ್ಮಾ ಬೇಗ ಬೇಯಲು ಸೋಡಾ ಹಾಕಬಹುದೇ?

ಉತ್ತರ: ಬೇಗ ಬೇಯುತ್ತದೆ, ಸಾಬೂನಿನ ರುಚಿಯೂ ಬರುತ್ತದೆ. ರಾತ್ರಿಯೇ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ತೆರಪಿಲ್ಲದೆ ಕುದಿಸಿ. ಅರೆಬೆಂದ ರಾಜ್ಮಾದಲ್ಲಿ ವಾಂತಿ ಮಾಡಿಸುವ ಲೆಕ್ಟಿನ್ ಎಂಬ ಪ್ರೋಟೀನ್ ಉಳಿದಿರುತ್ತದೆ. ಕುಕ್ಕರಿನಲ್ಲಿ ಇಡುವುದಾದರೆ ನೀರೂ ಸೇರಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಪ್ರಶ್ನೆ: ಎರಡು ಕೇಕಿನ ಹಿಟ್ಟನ್ನು ಒಂದೇ ದೊಡ್ಡ ಟಿನ್ನಿಗೆ ಸುರಿಯಬಹುದೇ?

ಉತ್ತರ: ಎರಡು ಟಿನ್ ತೆಗೆದುಕೊಳ್ಳಿ.