ಆಪ್ತಸಲಹೆ ಪ್ರಕರಣ: ಬಾಗಿಲು ಮುಚ್ಚಿಕೊಂಡ ಅತಿಥಿ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿ ಮತ್ತು ಅವಳ ತಾಯಿ ಇಬ್ಬರನ್ನೂ ಕೇಳಿ, ಒಪ್ಪಿದ ಮೇಲೆಯೇ ಬರೆದಿದ್ದೇನೆ.)

ಅವಳು ನನ್ನ ಹತ್ತಿರ ಮೊದಲು ಬಂದದ್ದು ಹೊರಡುವುದಕ್ಕೆ ಮೂರು ವಾರ ಇದ್ದಾಗ. ವಯಸ್ಸು 17. ಸಾಂಸ್ಕೃತಿಕ ವಿನಿಮಯ ಕಾರ್ಯಕ್ರಮಕ್ಕೆ ಆಯ್ಕೆಯಾಗಿದ್ದಳು. 10 ತಿಂಗಳು ಬೇರೆ ದೇಶದ ಒಂದು ಕುಟುಂಬದ ಜೊತೆ ಇದ್ದು, ಅಲ್ಲಿನ ಶಾಲೆಗೆ ಹೋಗಬೇಕಿತ್ತು. ಅದಕ್ಕೆ ಮುಂಚೆ ಮನೆಯವರನ್ನು ಬಿಟ್ಟು ಒಂದು ವಾರ ಕೂಡ ಇದ್ದವಳಲ್ಲ. ಕೈಯಲ್ಲಿ ದಪ್ಪ ಫೈಲ್. ಪಾಸ್‌ಪೋರ್ಟ್ ನಕಲು, ವೀಸಾ, ವಿಮೆಯ ಕಾಗದ, ಲಸಿಕೆಯ ದಾಖಲೆ, ಹೋಸ್ಟ್ ಕುಟುಂಬದ ಫೋಟೊ ಎಲ್ಲವನ್ನೂ ಸಾಲಾಗಿ ಜೋಡಿಸಿದ್ದಳು. ಆ ವಿಷಯದಲ್ಲಿ ನಾನು ಹೇಳಿಕೊಡುವುದು ಏನೂ ಉಳಿದಿರಲಿಲ್ಲ.

ಅವಳು ಕೇಳಿದ್ದು ಒಂದೇ ಪ್ರಶ್ನೆ. "ಮೊದಲನೇ ದಿನ ಸಂಜೆ ಅವರ ಮನೆಯಲ್ಲಿ ನಾನು ಏನು ಮಾಡ್ಬೇಕು?"

ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಬದಲಿಗೆ ಒಂದು ಹಾಳೆ ತೆಗೆದು ಇಂಗ್ಲಿಷಿನ ಯು ಅಕ್ಷರದ ಹಾಗೆ ಗೆರೆ ಎಳೆದೆ. ಮೊದಮೊದಲು ಎಲ್ಲವೂ ಹೊಸದು, ತುಂಬಾ ಖುಷಿ. ಆಮೇಲೆ ಮನಸ್ಸು ಕುಗ್ಗುತ್ತದೆ. ನಂತರ ನಿಧಾನವಾಗಿ ಮೇಲೆ ಬರುತ್ತದೆ. ಹೀಗೆ ವಿವರಿಸಿದೆ. ಅವಳು ಆ ಹಾಳೆಯನ್ನು ಮಡಚಿ ಫೈಲಿನಲ್ಲಿ ಇಟ್ಟುಕೊಂಡಳು.

ಹೋಗಿ 19 ದಿನಕ್ಕೆ ಅವಳ ತಾಯಿ ಫೋನ್ ಮಾಡಿದರು. "ದಿನಾ ಅಳ್ತಾಳೆ. ವಾಪಸ್ ಕರೆಸಿಕೊಳ್ಳೋಣ ಅಂತಿದೀವಿ." ಅವತ್ತೇ ರಾತ್ರಿ ವಿಡಿಯೊ ಕರೆಯಲ್ಲಿ ಅವಳನ್ನು ನೋಡಿದೆ.

ಇಂಥ ಕರೆಯಲ್ಲಿ ಮೊದಲು ಕೇಳುವುದು ಸುರಕ್ಷತೆಯ ಬಗ್ಗೆ. ಪಕ್ಕದಲ್ಲಿ ಯಾರಾದರೂ ಇರಬಹುದು. ಅದಕ್ಕೆ ಹೌದು, ಇಲ್ಲ ಅಂತಷ್ಟೇ ಹೇಳಿದರೆ ಸಾಕಾಗುವ ಹಾಗೆ ಕೇಳುತ್ತೇನೆ. ಆ ಮನೆಯಲ್ಲಿ ಯಾರನ್ನಾದರೂ ಕಂಡರೆ ಭಯ ಆಗುತ್ತದಾ? ನಿನಗೆ ಇಷ್ಟವಿಲ್ಲದ ರೀತಿ ಯಾರಾದರೂ ಮುಟ್ಟಿದ್ದಾರಾ? ನಿನಗೆ ನೀನೇ ನೋವು ಮಾಡಿಕೊಳ್ಳಬೇಕು ಅನಿಸಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಮಾತು ಮನೆ ನೆನಪಿನದ್ದಲ್ಲ. ತಕ್ಷಣ ಕಾರ್ಯಕ್ರಮದ ಸ್ಥಳೀಯ ಜವಾಬ್ದಾರರಿಗೆ ತಿಳಿಸಿ, ಮಗುವನ್ನು ಅಲ್ಲಿಂದ ಬೇರೆ ಕಡೆಗೆ ಕಳಿಸಬೇಕು. ಅವಳು ಎಲ್ಲಕ್ಕೂ ಇಲ್ಲ ಅಂದಳು. ಅವಳ ದನಿ, ಕಣ್ಣು ಕೂಡ ಅದನ್ನೇ ಹೇಳುತ್ತಿದ್ದವು.

ಆಮೇಲೆ ಅವಳು ಹೇಳಿದ ಮಾತು ನನಗೆ ಚುಚ್ಚಿತು. "ನೀವು ಮೊದಲು ಖುಷಿ ಇರುತ್ತೆ ಅಂದಿದ್ರಿ. ನನಗೆ ಎರಡನೇ ದಿನದಿಂದಲೇ ಅಳು. ಖುಷಿಯೇ ಬರಲಿಲ್ಲ. ನನ್ನಲ್ಲೇ ಏನೋ ಸರಿ ಇಲ್ಲ ಅಲ್ವಾ?"

ಆ ಹಾಳೆಯನ್ನು ಅವಳು ವೇಳಾಪಟ್ಟಿಯ ಹಾಗೆ ಓದಿಕೊಂಡಿದ್ದಳು. ಬರಬೇಕಾದ ಖುಷಿ ಬರದಿದ್ದಾಗ, ದುಃಖದ ಮೇಲೆ ತಪ್ಪಿತಸ್ಥ ಭಾವನೆಯೂ ಸೇರಿತು. ಇದು ನನ್ನ ತಪ್ಪು ಅಂತ ಅವಳಿಗೆ ಹೇಳಿದೆ. ಆ ಗೆರೆಯ ಕಥೆಯನ್ನೂ ಹೇಳಿದೆ. 1955ರಲ್ಲಿ ನಾರ್ವೆಯ ಸ್ವೆರ್ರೆ ಲಿಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು, ಫುಲ್‌ಬ್ರೈಟ್ ಎಂಬ ಅಮೆರಿಕ ಸರ್ಕಾರದ ವಿನಿಮಯ ಅನುದಾನದಲ್ಲಿ ಆ ದೇಶಕ್ಕೆ ಹೋಗಿ ಬಂದಿದ್ದ ಸುಮಾರು 200 ಜನರನ್ನು ಮಾತಾಡಿಸಿ ಬರೆದದ್ದು ಅದು. 6 ತಿಂಗಳಿಗಿಂತ ಕಡಿಮೆ ಇದ್ದವರು, 18 ತಿಂಗಳಿಗಿಂತ ಜಾಸ್ತಿ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ಮಧ್ಯದವರಿಗೆ ಕಷ್ಟ ಆಗಿತ್ತು. ಅಂದರೆ ಒಬ್ಬೊಬ್ಬರನ್ನೂ ಮೊದಲ ದಿನದಿಂದ ಕೊನೆಯವರೆಗೆ ಹಿಂಬಾಲಿಸಿ ನೋಡಿದ್ದಲ್ಲ. ಬೇರೆ ಬೇರೆ ಜನರನ್ನು ಪಕ್ಕಪಕ್ಕ ಇಟ್ಟು ಎಳೆದ ಗೆರೆ. ಮುಂದೆ ಬಂದ ಅಧ್ಯಯನಗಳಲ್ಲಿ ಎಷ್ಟೋ ಜನರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಶುರುವಿನ ವಾರಗಳೇ. "ನೀನು ಗೆರೆ ತಪ್ಪಿಲ್ಲ. ಗೆರೆ ಎಳೆದದ್ದೇ ನಿನಗೋಸ್ಕರ ಅಲ್ಲ" ಅಂದೆ. ಅವಳು ಅತ್ತಳು. ಆದರೆ ಈ ಸಲದ ಅಳು ಬೇರೆ ಥರ ಇತ್ತು.

ಆಮೇಲೆ ಅವಳ ದಿನ ಹೇಗೆ ಕಳೆಯುತ್ತದೆ ಅಂತ ಕೇಳಿದೆ. ನಿಜವಾದ ವಿಷಯ ಸಿಕ್ಕಿದ್ದು ಅಲ್ಲಿ.

ಭಾಷೆಯ ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದಿತ್ತು. ಆದರೆ ಪರೀಕ್ಷೆಯಲ್ಲಿ ಒಬ್ಬರೇ ಸ್ಪಷ್ಟವಾಗಿ ಮಾತಾಡುತ್ತಾರೆ. ಊಟದ ಮೇಜಿನ ಸುತ್ತ ನಾಲ್ಕು ಜನ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು, ಅರ್ಧಕ್ಕೆ ನಿಂತ ವಾಕ್ಯಗಳು, ಮನೆಯವರಿಗೆ ಮಾತ್ರ ಗೊತ್ತಿರುವ ತಮಾಷೆ. ಎಲ್ಲರೂ ನಕ್ಕಾಗ ಇವಳೂ ಸುಮ್ನೆ ನಗುತ್ತಿದ್ದಳು. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಇಡೀ ದಿನ ಬೇರೆ ಭಾಷೆಯನ್ನು ಕೇಳಿಸಿಕೊಳ್ಳುವುದೇ ದೊಡ್ಡ ದುಡಿಮೆ. ಆ ದಣಿವನ್ನು ಅವಳು ದುಃಖ ಅಂದುಕೊಂಡಿದ್ದಳು. ಜೊತೆಗೆ ನಿದ್ದೆಯೂ ಕೆಟ್ಟಿತ್ತು. ಸಮಯದ ವ್ಯತ್ಯಾಸಕ್ಕೆ ದೇಹ ಒಗ್ಗಲು ಗಂಟೆಗೆ ಸುಮಾರು ಒಂದು ದಿನ ಬೇಕಾಗುತ್ತದೆ. ಇವಳಿಗೆ ಆ ಅವಕಾಶವೇ ಸಿಕ್ಕಿರಲಿಲ್ಲ. ದಿನಾ ನಡುರಾತ್ರಿ ತಾಯಿಯ ಜೊತೆ ಎರಡು ಗಂಟೆ ಫೋನಿನಲ್ಲಿ ಇರುತ್ತಿದ್ದಳು.

ಊಟ ಮುಗಿದ ಕೂಡಲೇ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಅವರಿಗೆ ತೊಂದರೆ ಕೊಡಬಾರದು ಅಂತ. ಒಂದು ಸಲ ಆ ಮನೆಯ ತಾಯಿ ಬಾಗಿಲು ತಟ್ಟಿದ್ದರು. "ನಾನು ಚೆನ್ನಾಗಿದ್ದೀನಿ" ಅಂದಿದ್ದಳು. ಆಮೇಲೆ ಅವರು ತಟ್ಟಲಿಲ್ಲ. ತನ್ನನ್ನು ಯಾರೂ ಕರೆಯುವುದಿಲ್ಲ ಅಂತ ಇವಳಿಗೆ ನೋವು. ಹುಡುಗಿಗೆ ಒಂಟಿಯಾಗಿ ಇರಲು ಬಿಡೋಣ ಅಂತ ಅವರು ಅಂದುಕೊಂಡಿರಬಹುದು ಅಂತ ನನಗೆ ಅನಿಸಿತು.

1954ರಲ್ಲಿ ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು ರಿಯೊ ಡಿ ಜನೈರೊದಲ್ಲಿ ಕಲ್ಚರ್ ಶಾಕ್, ಅಂದರೆ ಹೊಸ ಸಂಸ್ಕೃತಿಗೆ ಹೋದಾಗ ಆಗುವ ಗಲಿಬಿಲಿಯ ಬಗ್ಗೆ ಮಾತಾಡುತ್ತಾ ಇದನ್ನೇ ಹೇಳಿದ್ದರು. ಯಾವಾಗ ಕೈ ಕುಲುಕಬೇಕು, ಭೇಟಿಯಾದಾಗ ಏನು ಹೇಳಬೇಕು ಎಂಬ ನೂರಾರು ಸಣ್ಣ ಗುರುತುಗಳ ಮೇಲೆ ನಮ್ಮ ನೆಮ್ಮದಿ ನಿಂತಿರುತ್ತದೆ. ಅವೆಲ್ಲ ಒಟ್ಟಿಗೆ ಕಳೆದುಹೋದಾಗ ಕಂಗಾಲಾಗುತ್ತೇವೆ. ಮುಚ್ಚಿದ ಬಾಗಿಲು ಅಂಥದ್ದೇ ಒಂದು ಗುರುತು. ಅವಳು "ಮೊದಲನೇ ದಿನ ಸಂಜೆ ಏನು ಮಾಡ್ಬೇಕು" ಅಂತ ಕೇಳಿದ್ದು ಈ ಗುರುತುಗಳನ್ನೇ. ನಾನು ಕೊಟ್ಟದ್ದು ಗೆರೆ.

ಅವತ್ತು ಕೊಟ್ಟ ಸಲಹೆಗಳು ತುಂಬಾ ಸಣ್ಣವು. ನಾಳೆಯೇ ಆ ತಾಯಿಯ ಹತ್ತಿರ ಹೋಗಿ ಮೂರು ವಾಕ್ಯ ಹೇಳು. "ನನಗೆ ಮನೆ ನೆನಪಾಗುತ್ತಿದೆ. ಊಟದ ಹೊತ್ತಿನ ಮಾತು ಅರ್ಥ ಆಗುತ್ತಿಲ್ಲ. ನಾನು ಬಾಗಿಲು ಮುಚ್ಚಿಕೊಂಡದ್ದು ನಿಮಗೆ ತೊಂದರೆ ಆಗಬಾರದು ಅಂತ." ಆ ಮೂರನ್ನೂ ಅವರ ಭಾಷೆಯಲ್ಲಿ ನನ್ನ ಎದುರಿಗೇ ಬರೆದು, ಜೋರಾಗಿ ಓದಿದಳು. ಎರಡನೆಯದು, ಅತಿಥಿಯಾಗಿ ಇರುವುದನ್ನು ಬಿಡು. ದಿನಾ ಮಾಡುವ ಒಂದು ಮನೆಗೆಲಸ ನಿನ್ನದಾಗಲಿ. ಪಾತ್ರೆ ಒರೆಸುವಾಗ ಪಕ್ಕದಲ್ಲಿ ಒಬ್ಬರೇ ಇರುತ್ತಾರೆ. ಒಬ್ಬರ ಮಾತು ಅರ್ಥ ಆಗುತ್ತದೆ, ಅರ್ಥ ಆಗದಿದ್ದರೆ ಇನ್ನೊಂದು ಸಲ ಕೇಳಬಹುದು. ಮನೆಗೆ ಫೋನ್ ಮಾಡಬೇಡ ಅಂತ ನಾನು ಹೇಳಲಿಲ್ಲ. ಅದು ಕ್ರೂರ ಅನಿಸುತ್ತದೆ ನನಗೆ. ವಾರಕ್ಕೆ ಎರಡು ದಿನ, ಹಗಲು ಹೊತ್ತಿನಲ್ಲಿ ಅಂತ ಇಬ್ಬರೂ ಒಪ್ಪಿಕೊಂಡರು. ಉಳಿದ ದಿನ ಸಣ್ಣ ಧ್ವನಿ ಸಂದೇಶ.

ವಾಪಸ್ ಬರುವ ವಿಷಯವನ್ನೂ ಮಾತಾಡಿದೆವು. ಬರುವುದು ಸೋಲಲ್ಲ. ಆದರೆ ಅಳುವ ಹೊತ್ತಿನಲ್ಲಿ ತೀರ್ಮಾನ ಬೇಡ. ಇನ್ನು ಆರು ವಾರಕ್ಕೆ ಒಂದು ದಿನ ಗೊತ್ತು ಮಾಡಿ, ಅವತ್ತು ಮೂವರೂ ಸೇರಿ ನಿರ್ಧರಿಸೋಣ ಅಂದೆ. ಹೊರಬರುವ ದಾರಿ ಇದೆ ಅಂತ ಗೊತ್ತಾದ ಮೇಲೆ ಅವಳ ಉಸಿರು ಸ್ವಲ್ಪ ಸಡಿಲ ಆಯಿತು.

ತಾಯಿಯ ಜೊತೆ ಬೇರೆಯಾಗಿ ಮಾತಾಡಿದೆ. ಅವರಿಗೂ ಊಟ ಸೇರುತ್ತಿರಲಿಲ್ಲ. ಫೋನ್ ಎತ್ತಿದ ಕೂಡಲೇ "ಇವತ್ತೂ ಅತ್ತುಬಿಟ್ಟೆಯಾ?" ಅಂತ ಕೇಳುತ್ತಿದ್ದರು. ಅದರ ಬದಲು "ಇವತ್ತು ಏನು ನೋಡಿದೆ?" ಅಂತ ಕೇಳಿ ನೋಡಿ ಅಂದೆ. "ಹಾಗೆ ಕೇಳಿದ್ರೆ ಅವಳ ಕಷ್ಟ ನನಗೆ ಬೇಡ ಅಂದ ಹಾಗಾಗಲ್ವಾ?" ಅಂದರು. ಒಳ್ಳೆಯ ಪ್ರಶ್ನೆ. ಅಳು ಬಂದರೆ ಕೇಳಿಸಿಕೊಳ್ಳಿ, ನೀವಾಗಿ ಹುಡುಕಬೇಡಿ ಅಂತ ಹೇಳಿದೆ.

ನಾಲ್ಕು ದಿನದ ನಂತರ ಅವಳಿಂದ ಒಂದೇ ಸಾಲಿನ ಸಂದೇಶ ಬಂತು. "ಬಾಗಿಲು ತೆರೆದಿಟ್ಟೆ, ಅವರ ಚಿಕ್ಕ ಹುಡುಗ ಒಳಗೆ ಬಂದು ಕೂತ."

ಆರು ವಾರದ ದಿನ ಬಂದಾಗ ಉಳಿಯುತ್ತೇನೆ ಅಂದಳು. ಎಲ್ಲವೂ ಸರಿಹೋಯಿತು ಅಂತಲ್ಲ. ಅವಳದೇ ವಯಸ್ಸಿನ ಆ ಮನೆಯ ಹುಡುಗಿ ಕೊನೆಯವರೆಗೂ ಹತ್ತಿರ ಆಗಲಿಲ್ಲ. ನಾಲ್ಕನೇ ತಿಂಗಳಲ್ಲಿ ಮತ್ತೆ ಕುಗ್ಗಿದಳು. ಆಗ ನನ್ನನ್ನು ಕರೆಯಲಿಲ್ಲ, ಆ ಮನೆಯ ತಾಯಿಯ ಪಕ್ಕದಲ್ಲಿ ಕೂತು ಅತ್ತಳಂತೆ.

10 ತಿಂಗಳು ಮುಗಿಸಿ ಬಂದ ಮೇಲೆ ಮತ್ತೆ ನನ್ನ ಬಳಿಗೆ ಬಂದದ್ದು ತಾಯಿ. "ಇಲ್ಲಿಗೆ ಬಂದು ಈಗ ಕೋಣೆ ಬಾಗಿಲು ಮುಚ್ಚಿಕೊಳ್ತಾಳೆ. ನಾವು ಬೇಡವಾದ್ವಾ?" ಊರಿಗೆ ಮರಳಿದ ಮೇಲೂ ಹೀಗೆ ತಡಬಡಾಯಿಸುವುದು ಇದೆ. ಅದಕ್ಕೂ 1963ರಿಂದ ಒಂದು ಗೆರೆ ಇದೆ, ಎರಡು ಯು ಪಕ್ಕಪಕ್ಕ ಇಟ್ಟ ಹಾಗಿರುವ ಡಬ್ಲ್ಯು ಅಕ್ಷರದ್ದು. ಈ ಸಲ ನಾನು ಹಾಳೆ ತೆಗೆಯಲಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ, ಬಾಗಿಲು ಮುಚ್ಚಿದರೆ ಏನರ್ಥ ಅಂತ ಒಬ್ಬರಿಗೊಬ್ಬರು ಹೇಳಲು ಕೇಳಿದೆ. ಗೆಳತಿಯರೆಲ್ಲ "ಹೇಗಿತ್ತು?" ಅಂತ ಕೇಳಿ, ಎರಡು ನಿಮಿಷಕ್ಕೇ ಬೇರೆ ಮಾತಿಗೆ ಹೋಗುತ್ತಾರೆ, ಆಗ ಒಬ್ಬಳೇ ಇರಬೇಕು ಅನಿಸುತ್ತದೆ ಅಂತ ಅವಳು ಹೇಳಿದಳು. ತಾಯಿಗೆ ಅದು ಗೊತ್ತೇ ಇರಲಿಲ್ಲ.

ಈಗ ಹೊರಡುವ ಮಕ್ಕಳು ಬಂದರೆ ಮೊದಲ ಭೇಟಿಯನ್ನೆಲ್ಲ ಆ ಮೊದಲನೇ ಸಂಜೆಗೇ ಇಡುತ್ತೇನೆ. ಹೋಸ್ಟ್ ಮನೆಯವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಅವರ ಕೈಯಿಂದಲೇ ಬರೆಸುತ್ತೇನೆ. ಸ್ನಾನಕ್ಕೆ ಯಾವ ಹೊತ್ತು? ಹಸಿವಾದರೆ ನಾನೇ ಏನಾದರೂ ತೆಗೆದುಕೊಳ್ಳಬಹುದಾ? ನಿಮ್ಮನ್ನು ಏನೆಂದು ಕರೆಯಲಿ? ಆ ಪಟ್ಟಿಯ ಕೊನೆಯ ಪ್ರಶ್ನೆ ಅವಳು ಸೇರಿಸಿಕೊಟ್ಟದ್ದು. "ನನ್ನ ಕೋಣೆಯ ಬಾಗಿಲು ಮುಚ್ಚಿದ್ದರೆ ನೀವು ಏನಂತ ಅಂದುಕೊಳ್ಳುತ್ತೀರಿ?"